45ರ ಹತ್ತಿರ ಬಂದ ಸ್ಟಾಫ್ ನರ್ಸ್‌ಗೆ ನೈಟ್ ಡ್ಯೂಟಿ ಬಿಟ್ಟರೆ ಮುಂದೇನು? ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ತಿಳಿಸಿ

ಸಿರುಗುಪ್ಪ ರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಅಕ್ಕನ ಪರವಾಗಿ ಕೇಳುತ್ತಿದ್ದೇನೆ. ಆಕೆಯ ಜೊತೆಗಿರುವ ಇನ್ನೂ ಕೆಲವು ಸಿಸ್ಟರ್‌ಗಳ ಪ್ರಶ್ನೆಯೂ ಇದೇ.

ವಯಸ್ಸು 44. ಪಿ.ಯು.ಸಿ. ಆದ ಮೇಲೆ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ). ಬಳ್ಳಾರಿಯಲ್ಲಿ 100 ಹಾಸಿಗೆಯ ಖಾಸಗಿ ಆಸ್ಪತ್ರೆ, ಒಂದೇ ಕಡೆ 12 ವರ್ಷ ಸರ್ವೀಸ್. ಮೊದಲು ಮೆಡಿಕಲ್ ವಾರ್ಡ್, ಈಗ ಐ.ಸಿ.ಯು. ಬೇಸಿಕ್ 14,000 ರೂಪಾಯಿ. ಪಿ.ಎಫ್. ಕಟ್ಟುತ್ತಾರೆ. ಸೊಂಟ ನೋವು, ಎಡಗಾಲಲ್ಲಿ ವೆರಿಕೋಸ್ ವೇನ್ (ರಕ್ತನಾಳ ಊದಿಕೊಳ್ಳುವ ತೊಂದರೆ). ಪ್ರತಿ ತಿಂಗಳು ಒಂದು ವಾರ ನೈಟ್ ಬೀಳುತ್ತದೆ, ಅದು ಮುಗಿದ ಮೇಲೆ ಮೈ ಸರಿಹೋಗಲು ಮತ್ತೊಂದು ವಾರ ಬೇಕು. ನರ್ಸಿಂಗ್ ಬಿಡುವ ಮನಸ್ಸು ಆಕೆಗಿಲ್ಲ. ರೋಗಿಯನ್ನು ಎತ್ತುವುದು, ರಾತ್ರಿ ನಿದ್ದೆಗೆಡುವುದು, ಇವೆರಡೂ ಇಲ್ಲದ ಕೆಲಸ ಬೇಕು.

ಸರ್ಕಾರಿ ಕೆಲಸಕ್ಕೆ ಇನ್ನೂ ಅವಕಾಶ ಇದೆಯಾ? ಈ ವಯಸ್ಸಲ್ಲಿ ಪೋಸ್ಟ್ ಬೇಸಿಕ್ (ಜಿ.ಎನ್.ಎಂ. ಆದವರು ಮಾಡುವ ಬಿ.ಎಸ್ಸಿ. ನರ್ಸಿಂಗ್) ಓದಿದರೆ ಲಾಭವಿದೆಯಾ? ಬೆಂಗಳೂರಿಗೆ ಹೋಗದೆ ಈ ಮೂರು ಜಿಲ್ಲೆಯೊಳಗೇ ಏನು ಸಿಗುತ್ತದೆ? ಕೆಲಸ ಬಿಡುವಾಗ ಪಿ.ಎಫ್., ಗ್ರಾಚ್ಯುಟಿ ಏನು ನೋಡಿಕೊಳ್ಳಬೇಕು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.


ವಾರ್ಡ್ ಇನ್‌ಚಾರ್ಜ್, ರಾಯಚೂರು

ರಾಜೀನಾಮೆಯ ಮಾತು ಸದ್ಯಕ್ಕೆ ಬೇಡ ಅಂತ ಅಕ್ಕನವರಿಗೆ ಹೇಳಿ. ಹೊರಗೆ ಹುಡುಕುವ ಮೊದಲು ಅದೇ ಆಸ್ಪತ್ರೆಯೊಳಗೆ ಜಾಗ ಬದಲಿಸಿಕೊಳ್ಳುವುದು ಸುಲಭ. 12 ವರ್ಷದ ಸಿಸ್ಟರ್‌ನ ಕಳೆದುಕೊಂಡರೆ ಆಸ್ಪತ್ರೆಗೂ ನಷ್ಟ, ಅಲ್ಲಿನ ಡಾಕ್ಟರ್‌ಗಳ ರೀತಿ, ಫೈಲ್, ಸ್ಟಾಕ್ ಎಲ್ಲ ಗೊತ್ತಿರುವವರು ಹೊಸಬರಲ್ಲಿ ಸಿಗುವುದಿಲ್ಲ. ಮೂಳೆ ಡಾಕ್ಟರ್ ಹತ್ತಿರ "ಭಾರ ಎತ್ತುವ ಕೆಲಸ ಬೇಡ" ಎಂದು ಬರೆಸಿಕೊಂಡು, ಅರ್ಜಿ ಜೊತೆ ಲಗತ್ತಿಸಿ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಡಲಿ. ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಲಿ. ಬಾಯಿಮಾತಲ್ಲಿ ಕೇಳಿದ್ದು ಮುಂದಿನ ರೋಸ್ಟರ್‌ವರೆಗೂ ಉಳಿಯುವುದಿಲ್ಲ.

ಯಾವ ವಿಭಾಗ ಕೇಳಬೇಕು ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಸಿ.ಎಸ್.ಎಸ್.ಡಿ. (ಉಪಕರಣಗಳನ್ನು ಸ್ಟೆರಿಲೈಸ್ ಮಾಡುವ ವಿಭಾಗ) ಹಗುರ ಅಂದುಕೊಳ್ಳುತ್ತಾರೆ. ರೋಗಿ ಇಲ್ಲ, ನಿಜ. ಆದರೆ ದೊಡ್ಡ ಸರ್ಜರಿಯ ಒಂದು ಟ್ರೇ ಎಂಟು-ಹತ್ತು ಕಿಲೋ ತೂಗುತ್ತದೆ, ದಿನವಿಡೀ ಆಟೋಕ್ಲೇವ್‌ಗೆ ಹಾಕಿ ತೆಗೆಯಬೇಕು, ಮೇಲೆ ಬಿಸಿ. ಸೊಂಟ ನೋವಿದ್ದವರಿಗೆ ಅದು ಆಗಿಬರುವುದಿಲ್ಲ. ಟ್ರೇ ಎತ್ತಲು ಟೆಕ್ನಿಷಿಯನ್ ಇದ್ದು, ಲೋಡ್ ರಿಜಿಸ್ಟರ್, ಇಂಡಿಕೇಟರ್, ಬೌವಿ-ಡಿಕ್ ಪರೀಕ್ಷೆ (ಆಟೋಕ್ಲೇವ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡುವುದು) ನೋಡಿಕೊಳ್ಳುವ ಸೂಪರ್ವೈಸರ್ ಜಾಗ ಆದರೆ ಸರಿ.

ಡಯಾಲಿಸಿಸ್ ಚೆನ್ನಾಗಿದೆ. ನಾಲ್ಕು ಗಂಟೆಯ ಸೆಷನ್‌ನಲ್ಲಿ ಸೂಜಿ ಹಾಕುವ, ತೆಗೆಯುವ ಹೊತ್ತು ಬಿಟ್ಟರೆ ಉಳಿದದ್ದು ಬಿ.ಪಿ., ಮಷೀನ್ ಪ್ರೆಷರ್ ನೋಡುತ್ತಾ ಕೂರುವ ಕೆಲಸ. ಐ.ಸಿ.ಯು. ಅನುಭವ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಬೈಕಾರ್ಬನೇಟ್ ಕ್ಯಾನ್ 10 ಲೀಟರ್‌ನದು, ಅದನ್ನು ಎತ್ತುವ ಹೊಣೆ ಯಾರದು ಅಂತ ಮೊದಲೇ ಕೇಳಿಕೊಳ್ಳಿ. ರಾತ್ರಿಯ ಮೂರನೇ ಶಿಫ್ಟ್ ಇದೆಯಾ ಅಂತಲೂ ಕೇಳಿ. ಸೇರುವ ಮೊದಲೇ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಸಿ (0, 1, 6 ತಿಂಗಳು), ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ-ಎಚ್.ಬಿ.ಎಸ್. ಟೈಟರ್ (ಲಸಿಕೆ ಹಿಡಿದಿದೆಯಾ ಎಂಬ ರಕ್ತ ಪರೀಕ್ಷೆ) ನೋಡಿಸಿಕೊಳ್ಳಿ. 10ಕ್ಕಿಂತ ಕಡಿಮೆ ಬಂದರೆ ಮತ್ತೆ ಲಸಿಕೆ ಹಾಕಿಸಬೇಕು.

ಬ್ಲಡ್ ಬ್ಯಾಂಕ್ ನನ್ನ ಲೆಕ್ಕದಲ್ಲಿ ಇನ್ನೂ ಒಳ್ಳೆಯದು. ಅಲ್ಲಿ ನೋಂದಾಯಿತ ನರ್ಸ್ ಇರಲೇಬೇಕೆಂದು ಲೈಸೆನ್ಸ್ ನಿಯಮವೇ ಇದೆ. ದಾನಿಯ ಹಿಮೋಗ್ಲೋಬಿನ್ 12.5 ಇದೆಯಾ, ತೂಕ 45 ಕಿಲೋ ದಾಟಿದೆಯಾ, ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ, ಇವನ್ನು ನೋಡಿ ಆರಿಸುವುದು, ರಕ್ತ ತೆಗೆಯುವುದು, ತಲೆಸುತ್ತು ಬಂದರೆ ನೋಡಿಕೊಳ್ಳುವುದು. ಕ್ಯಾಂಪ್ ಇದ್ದ ದಿನ ಮಾತ್ರ ವ್ಯಾನಲ್ಲಿ ಓಡಾಟ. ಲಸಿಕೆ ಕೊಠಡಿ, ಎನ್.ಸಿ.ಡಿ. (ಬಿ.ಪಿ., ಶುಗರ್‌ನಂಥ ಕಾಯಿಲೆಗಳ) ಕ್ಲಿನಿಕ್, ಒ.ಪಿ.ಡಿ. ಕೂಡ ಹಗಲಿನ ಕೆಲಸಗಳೇ, ಸಂಬಳ ಮಾತ್ರ ಐ.ಸಿ.ಯು.ಗಿಂತ ಒಂದಿಷ್ಟು ಇಳಿಯಬಹುದು. ನೈಟ್ ಅಲವೆನ್ಸ್ ಎಷ್ಟು ಬರುತ್ತಿತ್ತು ಅಂತ ಸ್ಯಾಲರಿ ಸ್ಲಿಪ್ ನೋಡಿ ಲೆಕ್ಕ ಹಾಕಿಕೊಳ್ಳಿ.

ಜಾಗ ಬದಲಾಗುವ ತನಕ ಮೈ ಕಾಪಾಡಿಕೊಳ್ಳಬೇಕಲ್ಲ. ರೋಗಿಯನ್ನು ಮೇಲಕ್ಕೆ ಸರಿಸುವಾಗ ಮೊದಲು ಮಂಚವನ್ನು ಸೊಂಟದ ಮಟ್ಟಕ್ಕೆ ಏರಿಸಿ, ತಲೆಭಾಗ ಮಟ್ಟ ಮಾಡಿ. ಡ್ರಾ ಶೀಟ್ (ರೋಗಿಯ ಕೆಳಗೆ ಹಾಸಿದ ಅಡ್ಡ ಬಟ್ಟೆ) ಹಿಡಿದು ಇಬ್ಬರು ಎಳೆಯಬೇಕು, ಕಂಕುಳಿಗೆ ಕೈ ಹಾಕಿ ಎತ್ತಬಾರದು. ಒಬ್ಬರ ಕೈಗೆ 16 ಕಿಲೋಗಿಂತ ಹೆಚ್ಚು ಭಾರ ಬೀಳುವ ಹಾಗಿದ್ದರೆ ಸಾಧನ ಅಥವಾ ಇನ್ನೊಬ್ಬರು ಬೇಕು ಅನ್ನುವುದು ರೋಗಿ ಎತ್ತುವ ಕೆಲಸಕ್ಕೆ ಒಪ್ಪಿತವಾದ ಮಿತಿ. ರೋಗಿಯ ಒಂದು ಕಾಲೇ ಹತ್ತು ಕಿಲೋ ಇರುತ್ತದೆ. ವೆರಿಕೋಸ್ ವೇನ್‌ಗೆ ಸ್ಟಾಕಿಂಗ್ ಹಾಕುವುದಾದರೆ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲು ಹಾಕಬೇಕು. ಕಾಲು ಊದಿದ ಮೇಲೆ ಹಾಕಿದರೆ ಬಿಗಿ ತಪ್ಪುತ್ತದೆ.

ಇನ್ನೊಂದು ವಿಷಯ ಯಾರೂ ಎತ್ತುವುದಿಲ್ಲ, ಕಣ್ಣು. 40 ದಾಟಿದ ಮೇಲೆ ಹತ್ತಿರದ ಓದಿಗೆ ಕನ್ನಡಕ ಬೇಕೇ ಬೇಕು. ರಾತ್ರಿಯ ಮಂದ ಬೆಳಕಲ್ಲಿ ಆಂಪೂಲ್ ಮೇಲಿನ ಅಕ್ಷರ, ಸಿರಿಂಜಿನ ಗೆರೆ ತಪ್ಪಾಗುವುದು ಇಲ್ಲೇ. ಇನ್ಸುಲಿನ್ ಸಿರಿಂಜ್ ನೋಡಿ: ಕೆಂಪು ಮುಚ್ಚಳದ್ದು 40 ಯೂನಿಟ್‌ನದು, ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನದು. 40ರ ವಯಲ್‌ನಿಂದ 100ರ ಸಿರಿಂಜಿಗೆ 20ರ ಗೆರೆ ತನಕ ಎಳೆದರೆ ರೋಗಿಗೆ ಹೋಗುವುದು ಬರೀ 8 ಯೂನಿಟ್. ಅದೇ 100ರ ವಯಲ್‌ನಿಂದ 40ರ ಸಿರಿಂಜಿಗೆ 20ರ ತನಕ ಎಳೆದರೆ 50 ಯೂನಿಟ್ ಹೋಗುತ್ತದೆ, ರೋಗಿ ಲೋ ಶುಗರ್‌ಗೆ ಬೀಳುತ್ತಾರೆ. ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ, ಮೆಡಿಸಿನ್ ಟ್ರಾಲಿಗೆ ಒಂದು ಲೈಟ್ ಹಾಕಿಸಿ. ನಾಚಿಕೆಪಡುವ ವಿಷಯ ಅಲ್ಲ.


ತಾಲ್ಲೂಕು ಆಸ್ಪತ್ರೆ ಕಡೆಯಿಂದ

ಸರ್ಕಾರಿ ಕೆಲಸದ ಪ್ರಶ್ನೆಗೆ ಉತ್ತರ. ರಾಜ್ಯದ ನೇರ ನೇಮಕಾತಿಯಲ್ಲಿ ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಎಸ್.ಸಿ., ಎಸ್.ಟಿ., ಪ್ರವರ್ಗ-1ಕ್ಕೆ 40. ಸರ್ಕಾರ 2025ರಲ್ಲಿ ಒಂದು ಬಾರಿಗೆಂದು 3 ವರ್ಷ ಸಡಿಲಿಕೆ ಕೊಟ್ಟಿತ್ತು. ಅದನ್ನು ಸೇರಿಸಿದರೂ 44ಕ್ಕೆ ಶುಶ್ರೂಷಾಧಿಕಾರಿ (ಸರ್ಕಾರಿ ಸ್ಟಾಫ್ ನರ್ಸ್) ಹುದ್ದೆಯ ಬಾಗಿಲು ಮುಚ್ಚಿದ ಹಾಗೆಯೇ. ಆದರೆ ವಿಧವೆಯರಿಗೆ ಮತ್ತು ಅಂಗವಿಕಲರಿಗೆ 10 ವರ್ಷದ ಸಡಿಲಿಕೆ ನಿಯಮದಲ್ಲೇ ಇದೆ. ನಿಮ್ಮ ಅಕ್ಕನ ಜೊತೆಯವರಲ್ಲಿ ಅಂಥವರಿದ್ದರೆ ಬಿಟ್ಟುಕೊಡಬೇಡಿ. ಸರ್ಕಾರದ ಕೆಲಸದಲ್ಲಿ ಮೊದಲು ಇದ್ದವರಿಗೂ ಸೇವೆ ಮಾಡಿದಷ್ಟು ವರ್ಷ, ಗರಿಷ್ಠ 10 ವರ್ಷ, ಸಡಿಲಿಕೆ ಸಿಗುತ್ತದೆ.

ಅವರಲ್ಲಿ 36-38ರ ವಯಸ್ಸಿನ ಸಿಸ್ಟರ್‌ಗಳಿದ್ದರೆ ಈಗಲೇ ಒಂದು ಕೆಲಸ ಮಾಡಿಸಿ: 371(ಜೆ) ಪ್ರಮಾಣ ಪತ್ರ. ನಮ್ಮ ಮೂರೂ ಜಿಲ್ಲೆ ಕಲ್ಯಾಣ ಕರ್ನಾಟಕದೊಳಗೆ ಬರುತ್ತವೆ. ಗ್ರೂಪ್ ಸಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಶೇ. 80 ಮೀಸಲು. ನರ್ಸಿಂಗ್ ಹುದ್ದೆ ಇದರಲ್ಲೇ ಬರುತ್ತದೆ. ಪ್ರಮಾಣ ಪತ್ರ ಕೊಡುವವರು ಸಹಾಯಕ ಆಯುಕ್ತರು. ಶಾಲೆಯ ವ್ಯಾಸಂಗ ಪ್ರಮಾಣ ಪತ್ರ, ವಾಸದ ದಾಖಲೆ ಎಲ್ಲ ಕೂಡಿಸಲು ದಿನ ಹಿಡಿಯುತ್ತದೆ. ಅಧಿಸೂಚನೆ ಬಂದ ಮೇಲೆ ಓಡಾಡಿದವರಲ್ಲಿ ಕೊನೇ ದಿನಾಂಕ ತಪ್ಪಿಸಿಕೊಂಡವರೇ ಜಾಸ್ತಿ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ ಮಾರ್ಕ್ಸ್ ಕಾರ್ಡ್, ಆಧಾರ್, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಮೂರರಲ್ಲೂ ಒಂದೇ ಹೆಸರು ಮಾಡಿಸಿಕೊಳ್ಳಿ.

ಎನ್.ಎಚ್.ಎಂ. (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ ಹುದ್ದೆಗಳು ಬೇರೆ. ಜಿಲ್ಲಾ ಆರೋಗ್ಯ ಅಧಿಕಾರಿ ಕಚೇರಿಯಿಂದ ಅಧಿಸೂಚನೆ ಬರುತ್ತದೆ, ವಯಸ್ಸಿನ ಮಿತಿ ಹುದ್ದೆ ಹುದ್ದೆಗೂ ಬೇರೆ. ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಕೆಲಸ ಅನುಭವ ಇದ್ದವರಿಗೆ ಹೇಳಿ ಮಾಡಿಸಿದ್ದು. ಸುಮಾರು 5,000 ಜನಸಂಖ್ಯೆಯ ಉಪಕೇಂದ್ರ, ಹಗಲು ಕೆಲಸ, 30 ದಾಟಿದವರೆಲ್ಲರ ಬಿ.ಪಿ., ಶುಗರ್ ತಪಾಸಣೆ, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಸ್ಕ್ರೀನಿಂಗ್, ಇ-ಸಂಜೀವಿನಿಯಲ್ಲಿ (ಆನ್‌ಲೈನ್‌ನಲ್ಲಿ) ಡಾಕ್ಟರ್ ಜೊತೆ ಮಾತು. ಬರೀ ಜಿ.ಎನ್.ಎಂ. ಸಾಲದು. 6 ತಿಂಗಳ ಸಮುದಾಯ ಆರೋಗ್ಯ ಸರ್ಟಿಫಿಕೇಟ್ ಕೋರ್ಸ್ ಆಗಿರಬೇಕು, ಇಲ್ಲವೇ ಆ ಪಠ್ಯ ಒಳಗೊಂಡ ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಆಗಿರಬೇಕು. ಹಳ್ಳಿಯಲ್ಲಿ ಪೋಸ್ಟಿಂಗ್, ವರ್ಷಕ್ಕೊಮ್ಮೆ ನವೀಕರಣ, ದಿನವೂ ಆ್ಯಪ್‌ಗಳಿಗೆ ಮಾಹಿತಿ ತುಂಬುವುದು, ಇವಿಷ್ಟೂ ಒಪ್ಪಿಗೆ ಇದ್ದರೆ ಮಾತ್ರ ಅರ್ಜಿ ಹಾಕಿ.

ಸರ್ಕಾರಿ ಸೇವೆಯಲ್ಲೇ ಇರುವವರಿಗೆ ದಾರಿ ನೇರ: ಹಿರಿಯ ಶುಶ್ರೂಷಾಧಿಕಾರಿ, ಸಹಾಯಕ ಶುಶ್ರೂಷಾ ಅಧೀಕ್ಷಕರು, ಅಧೀಕ್ಷಕರು. ಜ್ಯೇಷ್ಠತಾ ಪಟ್ಟಿ ಹೊರಬಿದ್ದಾಗ ಹೆಸರು, ಜನ್ಮದಿನಾಂಕ, ಸೇರಿದ ದಿನ ಸರಿ ಇದೆಯಾ ನೋಡಿ, ತಪ್ಪಿದ್ದರೆ ಆಕ್ಷೇಪಣೆಗೆ ಕೊಟ್ಟ ಅವಧಿಯೊಳಗೇ ಬರೆದುಕೊಡಿ.


ಸೋಂಕು ನಿಯಂತ್ರಣ ಡೆಸ್ಕ್

ನಿಮ್ಮ ಅಕ್ಕನಿಗೆ ನಾನು ಮೊದಲು ಹೇಳುವುದು ಇನ್ಫೆಕ್ಷನ್ ಕಂಟ್ರೋಲ್ ನರ್ಸ್ ಕೆಲಸ. 100 ಹಾಸಿಗೆ, ಐ.ಸಿ.ಯು. ಅನುಭವ, ಒಂದೇ ಆಸ್ಪತ್ರೆಯಲ್ಲಿ 12 ವರ್ಷ, ಎಲ್ಲವೂ ಅದಕ್ಕೇ ಹೊಂದುತ್ತವೆ. ಎನ್.ಎ.ಬಿ.ಎಚ್. (ಆಸ್ಪತ್ರೆಗಳ ಗುಣಮಟ್ಟ ನೋಡುವ ಮಂಡಳಿ) ಮಾನ್ಯತೆಗೆ ಹೋಗುವ ಆಸ್ಪತ್ರೆಗೆ ಸೋಂಕು ನಿಯಂತ್ರಣ ನರ್ಸ್ ಬೇಕೇ ಬೇಕು, 100 ಹಾಸಿಗೆಗೆ ಒಬ್ಬರು ಅನ್ನುವುದು ರೂಢಿಯ ಲೆಕ್ಕ. ಬಿ.ಎಸ್ಸಿ. ಇಲ್ಲದೆಯೂ ಆಗುತ್ತದೆ. ಹಗಲು ಡ್ಯೂಟಿ, ಎತ್ತುವುದಿಲ್ಲ. ಆದರೆ ನಡೆದಾಟ ಇದೆ, ಎಲ್ಲ ವಾರ್ಡ್ ಸುತ್ತಬೇಕು. ವೆರಿಕೋಸ್ ವೇನ್‌ಗೆ ಒಂದೇ ಕಡೆ ನಿಲ್ಲುವುದಕ್ಕಿಂತ ನಡೆಯುವುದೇ ಮೇಲು.

ಕೆಲಸದ ಜೀವಾಳ ಎಣಿಕೆ. ಮೂತ್ರದ ಕ್ಯಾಥೆಟರ್ ಸೋಂಕಿನ ಲೆಕ್ಕ ತಗೊಳ್ಳಿ. ದಿನವೂ ಒಂದೇ ಹೊತ್ತಿಗೆ, ಉದಾಹರಣೆಗೆ ಬೆಳಿಗ್ಗೆ 10ಕ್ಕೆ, ಕ್ಯಾಥೆಟರ್ ಇರುವ ರೋಗಿಗಳು ಎಷ್ಟು ಅಂತ ಬರೆಯಬೇಕು. ದಿನಕ್ಕೆ 20 ಜನ ಅಂದರೆ 30 ದಿನಕ್ಕೆ 600 ಕ್ಯಾಥೆಟರ್ ದಿನ. ಆ ತಿಂಗಳು 3 ಸೋಂಕು ಸಿಕ್ಕರೆ 3 ಭಾಗಿಸು 600, ಗುಣಿಸು 1000, ಅಂದರೆ ಸಾವಿರ ಕ್ಯಾಥೆಟರ್ ದಿನಕ್ಕೆ 5. ಸೆಂಟ್ರಲ್ ಲೈನ್‌ಗೆ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ), ವೆಂಟಿಲೇಟರ್‌ಗೆ ಲೆಕ್ಕ ಇದೇ ತರ, ಕೆಳಗಿನ ಅಂಕಿ ಮಾತ್ರ ಬದಲು.

ಎಲ್ಲಿ ಕೆಡುತ್ತದೆ ಅಂದರೆ, ಭಾನುವಾರ ಎಣಿಸುವವರು ಇರುವುದಿಲ್ಲ, ಸೋಮವಾರ ಅಂದಾಜಿಗೆ ತುಂಬುತ್ತಾರೆ. ಭಾನುವಾರದ ಎಣಿಕೆಯನ್ನು ಆಯಾ ವಾರ್ಡಿನ ಇನ್‌ಚಾರ್ಜ್‌ಗೆ ಬರೆದು ವಹಿಸಬೇಕು. ಎರಡನೆಯದು ಯೂರಿನ್ ಸ್ಯಾಂಪಲ್. ಬ್ಯಾಗ್‌ನಿಂದ ತೆಗೆದು ಕಳಿಸಿದರೆ ಕಲ್ಚರ್‌ನಲ್ಲಿ ಏನೇನೋ ಬೆಳೆಯುತ್ತದೆ. ಟ್ಯೂಬ್‌ಗೆ ಸ್ವಲ್ಪ ಹೊತ್ತು ಕ್ಲ್ಯಾಂಪ್ ಹಾಕಿ, ಸ್ಯಾಂಪ್ಲಿಂಗ್ ಪೋರ್ಟ್‌ನ ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಸಿರಿಂಜಿನಿಂದ ತೆಗೆಯಬೇಕು. ಮೂರನೆಯದು, ಜ್ವರ ಇಲ್ಲ, ನೋವಿಲ್ಲ, ಬರೀ ಕಲ್ಚರ್ ಪಾಸಿಟಿವ್ ಇದ್ದರೂ ಸೋಂಕು ಅಂತ ಎಣಿಸುವುದು. ಕ್ಯಾಥೆಟರ್ ಹಾಕಿ ಎರಡು ದಿನ ದಾಟಿರಬೇಕು, ಲಕ್ಷಣ ಇರಬೇಕು, ಮಿ.ಲೀ.ಗೆ ಒಂದು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲೊನಿ ಬಂದಿರಬೇಕು, ಎರಡಕ್ಕಿಂತ ಹೆಚ್ಚು ಬಗೆಯ ಜೀವಿ ಇರಬಾರದು. ಆಗ ಮಾತ್ರ ಎಣಿಕೆಗೆ ಬರುತ್ತದೆ.

ಇದರ ಜೊತೆಗೆ ಕೈ ತೊಳೆಯುವ ಆಡಿಟ್, ಸೂಜಿ ಚುಚ್ಚಿದ ಪ್ರಕರಣಗಳು (ಎಚ್.ಐ.ವಿ. ಔಷಧ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತಗೊಳ್ಳಬೇಕು), 2016ರ ಬಯೋಮೆಡಿಕಲ್ ವೇಸ್ಟ್ ನಿಯಮ. ವೇಸ್ಟ್‌ನಲ್ಲಿ ಪದೇ ಪದೇ ಸಿಗುವ ತಪ್ಪು ಆಂಪೂಲ್. ಔಷಧದ ಗಾಜು ನೀಲಿ ಡಬ್ಬಕ್ಕೆ ಹೋಗಬೇಕು, ಹಳದಿಗೆ ಎಸೆಯುತ್ತಾರೆ. ಐ.ವಿ. ಸೆಟ್ ಕೆಂಪಿಗೆ, ಅದರ ಸೂಜಿ ಬಿಳಿ ಡಬ್ಬಕ್ಕೆ. 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ವರ್ಷದ ವರದಿ ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ಇದನ್ನು ಯಾರು ಮಾಡುತ್ತಿದ್ದಾರೆ ಅಂತ ಅಕ್ಕ ಈಗಲೇ ವಿಚಾರಿಸಲಿ. ಬಹಳ ಆಸ್ಪತ್ರೆಗಳಲ್ಲಿ "ಯಾರೋ ಒಬ್ಬರು" ಮಾಡುತ್ತಿರುತ್ತಾರೆ. ಆ ಯಾರೋ ಒಬ್ಬರ ಜಾಗಕ್ಕೆ ಆಡಳಿತದಿಂದ ಲಿಖಿತ ಆದೇಶ ಪಡೆಯುವುದೇ ಈ ಕೆಲಸಕ್ಕೆ ಬಾಗಿಲು. ಆದೇಶ ಇಲ್ಲದೆ ಮಾಡಿದರೆ ವಾರ್ಡ್ ಡ್ಯೂಟಿಯ ಮೇಲೆ ಇದೊಂದು ಹೆಚ್ಚಿನ ಹೊರೆ ಆಗುತ್ತದೆ, ಅನುಭವ ಪತ್ರದಲ್ಲೂ ಬರುವುದಿಲ್ಲ.

ಇನ್ನೊಂದು ಹಗಲಿನ ಕೆಲಸ ಇನ್ಶೂರೆನ್ಸ್ ಡೆಸ್ಕ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕೇಸ್‌ಗಳಲ್ಲಿ ಕ್ಲೇಮ್ ಸಿಕ್ಕಿಬೀಳುವುದು ಬಹುಪಾಲು ಕೇಸ್ ಶೀಟ್ ಮತ್ತು ಡಿಸ್ಚಾರ್ಜ್ ಸಮ್ಮರಿ ತಾಳೆಯಾಗದೆ. ಒಂದರಲ್ಲಿ ಎಡಗಾಲು, ಇನ್ನೊಂದರಲ್ಲಿ ಬಲಗಾಲು. ಆಪರೇಷನ್ ನೋಟ್‌ನಲ್ಲಿ ಒಂದು ಸಮಯ, ನರ್ಸ್ ನೋಟ್‌ನಲ್ಲಿ ಬೇರೆ ಸಮಯ. ಕೇಸ್ ಶೀಟ್ ಓದಿ ಅಭ್ಯಾಸವಿರುವ ಸಿಸ್ಟರ್ ಕಣ್ಣಿಗೆ ಇದು ತಕ್ಷಣ ಬೀಳುತ್ತದೆ.


ಸಿರುಗುಪ್ಪ ರಸ್ತೆ

ತುಂಬಾ ಉಪಕಾರ ರೀ. ಅಕ್ಕನಿಗೆ ಓದಿಸಿದೆ. ಸೋಂಕು ನಿಯಂತ್ರಣದ ಕೆಲಸಕ್ಕೆ ಇಂಗ್ಲಿಷ್, ಕಂಪ್ಯೂಟರ್ ಎಷ್ಟು ಬೇಕು? ಆಕೆಗೆ ಮೊಬೈಲ್ ಬಿಟ್ಟರೆ ಬೇರೆ ಗೊತ್ತಿಲ್ಲ. ತೋರಣಗಲ್ಲು, ಗಿಣಿಗೇರಾ ಕಡೆಯ ಫ್ಯಾಕ್ಟರಿಗಳಲ್ಲಿ ನರ್ಸ್ ತಗೋತಾರಂತೆ, ಅದು ಹೇಗೆ?


ಸೋಂಕು ನಿಯಂತ್ರಣ ಡೆಸ್ಕ್

ಎಕ್ಸೆಲ್‌ನಲ್ಲಿ ಒಂದು ಶೀಟ್ ಸಾಕು: ದಿನಾಂಕ, ವಾರ್ಡ್, ಒಟ್ಟು ರೋಗಿಗಳು, ಕ್ಯಾಥೆಟರ್, ಸೆಂಟ್ರಲ್ ಲೈನ್, ವೆಂಟಿಲೇಟರ್. ಕೂಡುವ, ಭಾಗಿಸುವ ಎರಡು ಸೂತ್ರ ಕಲಿತರೆ ಆಯಿತು. ಇಂಗ್ಲಿಷ್‌ನಲ್ಲಿ ತಿಂಗಳ ಮೀಟಿಂಗ್‌ನ ಟಿಪ್ಪಣಿ ಬರೆಯಬೇಕು. ಹಳೆಯ ಮೂರು ತಿಂಗಳ ಟಿಪ್ಪಣಿ ಮುಂದಿಟ್ಟುಕೊಂಡು ಬರೆದರೆ ಸರಾಗವಾಗುತ್ತದೆ. ಕಷ್ಟ ಬೇರೆಡೆ ಇದೆ. ದೊಡ್ಡ ಸರ್ಜನ್‌ಗೆ "ಸರ್, ಕೈ ತೊಳೆದಿಲ್ಲ" ಅನ್ನಬೇಕಾಗುತ್ತದೆ. ಅದಕ್ಕೆ ವಯಸ್ಸು, ಸರ್ವೀಸ್ ಎರಡೂ ಬೇಕು, ಹೊಸ ಹುಡುಗಿಯರ ಕೈಲಿ ಆಗುವುದಿಲ್ಲ.


ಗಿಣಿಗೇರಾ ಒ.ಎಚ್.ಸಿ. (ಕಾರ್ಖಾನೆಯ ಆರೋಗ್ಯ ಕೇಂದ್ರ)

ಫ್ಯಾಕ್ಟರಿ ಬಗ್ಗೆ ನಾ ಹೇಳ್ತೀನಿ ನೋಡ್ರಿ. ಕಾರ್ಖಾನೆ ಕಾಯ್ದೆ 1948ರಿಂದಲೂ 500ಕ್ಕಿಂತ ಜಾಸ್ತಿ ಕಾರ್ಮಿಕರಿದ್ದಲ್ಲಿ ಆಂಬುಲೆನ್ಸ್ ರೂಮ್, ಅದಕ್ಕ ಡಾಕ್ಟರ್, ನರ್ಸಿಂಗ್ ಸಿಬ್ಬಂದಿ ಇರಬೇಕಂತ ಐತಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ದೋಣಿಮಲೈ ಗಣಿ, ಕುಡುತಿನಿ ಮತ್ತ ಶಕ್ತಿನಗರದ ಥರ್ಮಲ್, ಹಟ್ಟಿ ಚಿನ್ನದ ಗಣಿ, ಗಿಣಿಗೇರಾ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳು, ಇಷ್ಟು ಉದ್ದಿಮೆ ಒಂದೇ ಸೀಮೆಯೊಳಗ ಇರೋದು ನಮ್ಮ ಕಡೆ ನರ್ಸ್‌ಗಳಿಗೆ ದೊಡ್ಡ ಅನುಕೂಲ.

ದಿನದ ಕೆಲಸ ಏನಪ್ಪಾ ಅಂದ್ರ: ಸಣ್ಣ ಗಾಯ, ಸುಟ್ಟಗಾಯ, ಬಿಸಿಲಿನ ಹೊಡೆತ, ಕಣ್ಣಿಗೆ ಬಿದ್ದ ಕಬ್ಬಿಣದ ಚೂರು. ಉಳಿದದ್ದು ವಾರ್ಷಿಕ ತಪಾಸಣೆ, ಅದರಾಗ ಕಿವಿ ಪರೀಕ್ಷೆ, ಉಸಿರಿನ ಪರೀಕ್ಷೆ. ಇವೆರಡು ಕಲಿತಿದ್ರ ಇಂಟರ್ವ್ಯೂದಾಗ ನಿಮ್ಮ ಮಾತಿಗೆ ತೂಕ ಬರ್ತದ. ಕಿವಿ ಪರೀಕ್ಷೆಗೆ ಮುಂಚೆ 14 ಗಂಟೆ ಗದ್ದಲದಿಂದ ದೂರ ಇರಬೇಕು. ಶಿಫ್ಟ್ ಮುಗಿಸಿ ಬಂದವನನ್ನ ಕೂಡ್ರಿಸಿದ್ರ ಇಲ್ಲದ ಕಿವುಡು ಕಾಣಿಸ್ತದ. ವಾರದ ರಜೆ ಮುಗಿಸಿ ಬಂದ ದಿನ, ಕೆಲಸಕ್ಕ ಹೋಗೋಕೂ ಮೊದಲು ಮಾಡಬೇಕು. ಗದ್ದಲದಿಂದ ಕೆಟ್ಟ ಕಿವಿ ಗ್ರಾಫ್‌ನಾಗ 4,000 ಹರ್ಟ್ಜ್ ಹತ್ರ ತಗ್ಗು ಬೀಳ್ತದ. ಉಸಿರಿನ ಪರೀಕ್ಷೆಗೆ ಸರಿಯಾದ ಮೂರು ಊದುವಿಕೆ ಬೇಕು, ದೊಡ್ಡವೆರಡರ ನಡುವೆ 150 ಮಿ.ಲೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ತುಟಿ ಸಂದಿಯಿಂದ ಗಾಳಿ ಸೋರೋದು, ಗುಟ್ಕಾ ಬಾಯಾಗಿಟ್ಟುಕೊಂಡು ಊದೋದು, ಅರ್ಧಕ್ಕೇ ನಿಲ್ಲಿಸೋದು, ರಿಪೋರ್ಟ್ ಕೆಡೋದು ಇವುಗಳಿಂದ.

ನಮ್ಮ ಬಿಸಿಲಿಗೆ ಒಂದು ಮಾತು. ಕಾರ್ಮಿಕ ಬಿದ್ದು ತೊದಲ್ತಿದ್ದ, ಮೈ 40 ಡಿಗ್ರಿ ದಾಟಿದ್ರ ಮೊದಲು ತಣ್ಣಗ ಮಾಡ್ರಿ, ಆಮ್ಯಾಲೆ ಆಂಬುಲೆನ್ಸ್. ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕಿ, ಫ್ಯಾನ್ ಹಚ್ಚಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡಂಗಿಲ್ಲ. ಸುಟ್ಟಗಾಯಕ್ಕ 20 ನಿಮಿಷ ಹರಿಯೋ ನೀರು, ಪೇಸ್ಟ್ ಗೀಸ್ಟ್ ಬ್ಯಾಡ.

ಈಗ ತೊಡಕು ಕೇಳ್ರಿ. ದೊಡ್ಡ ಪ್ಲಾಂಟ್ 24 ತಾಸೂ ನಡೀತದ, ಅಂದ್ರ ಒ.ಎಚ್.ಸಿ.ಗೂ ನೈಟ್ ಇರ್ತದ. ಜನರಲ್ ಶಿಫ್ಟ್ ಅಂತ ಆಫರ್ ಲೆಟರ್‌ನಾಗ ಬರೆಸಿಕೊಳ್ರಿ. ಬಹಳ ಕಡೆ ಕಂಪನಿ ನೇರ ತಗೊಳ್ಳಂಗಿಲ್ಲ, ಏಜೆನ್ಸಿ ಮೂಲಕ ತಗೋತದ. ಏಜೆನ್ಸಿ ಬದಲಾದಾಗ ಸರ್ವೀಸ್ ಮತ್ತ ಒಂದರಿಂದ ಶುರು ಆಗ್ತದ. ಪಿ.ಎಫ್., ಇ.ಎಸ್.ಐ. ನಂಬರ್ ಮೊದಲ ತಿಂಗಳೇ ಕೇಳ್ರಿ. ಸೇಂಟ್ ಜಾನ್ ಆಂಬುಲೆನ್ಸ್‌ನ ಪ್ರಥಮ ಚಿಕಿತ್ಸೆ ಸರ್ಟಿಫಿಕೇಟ್ 3 ವರ್ಷ, ಬಿ.ಎಲ್.ಎಸ್. (ಜೀವ ಉಳಿಸೋ ಮೂಲ ತರಬೇತಿ) 2 ವರ್ಷ ಚಾಲ್ತಿ ಇರ್ತದ. ಎರಡೂ ಕೈಯಾಗಿದ್ರ ಬಯೋಡೇಟಾ ಮ್ಯಾಲೆ ಬರ್ತದ.


ಟ್ಯೂಟರ್, ಬಳ್ಳಾರಿ

ಪೋಸ್ಟ್ ಬೇಸಿಕ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಅದು 2 ವರ್ಷದ ಪೂರ್ಣಾವಧಿ ಕೋರ್ಸ್. ಓದುವಾಗ ಸಂಬಳ ನಿಲ್ಲುತ್ತದೆ, ಫೀಸು ಬೇರೆ. 44ಕ್ಕೆ ಸೇರಿದರೆ 46. ಪಾಠ ಮಾಡುವ ಆಸೆ ಇದ್ದರೆ ಓದಲೇಬೇಕು. ಟ್ಯೂಟರ್ ಆಗಲು ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಜೊತೆ ವಾರ್ಡ್ ಅನುಭವ ಬೇಕು, ಬರೀ ಜಿ.ಎನ್.ಎಂ. ಮೇಲೆ ಆಗುವುದಿಲ್ಲ. ಅದೇ ಆಸ್ಪತ್ರೆಯಲ್ಲಿ ಹುದ್ದೆ ಬದಲಿಸಲು ಮಾತ್ರ ಓದುವುದಾದರೆ ನನ್ನ ಸಲಹೆ ಬೇಡ. ಸೋಂಕು ನಿಯಂತ್ರಣ, ಡಯಾಲಿಸಿಸ್, ಒ.ಎಚ್.ಸಿ. ಯಾವುದಕ್ಕೂ ಅದು ಕಡ್ಡಾಯ ಅಲ್ಲ. ಕೆಲಸದಲ್ಲಿದ್ದುಕೊಂಡು ಮುಗಿಸಬೇಕೆಂದರೆ ಇಗ್ನೋ (ದೂರಶಿಕ್ಷಣದ ಮುಕ್ತ ವಿಶ್ವವಿದ್ಯಾಲಯ) ನಡೆಸುವ 3 ವರ್ಷದ ಪೋಸ್ಟ್ ಬೇಸಿಕ್ ನೋಡಿ. ಪ್ರವೇಶ ಪರೀಕ್ಷೆ ಇರುತ್ತದೆ, ಪಿ.ಯು.ಸಿ. ಆದವರಿಗೆ ನೋಂದಣಿಯ ನಂತರ 2 ವರ್ಷದ ಅನುಭವ ಸಾಕು. ಅಧ್ಯಯನ ಕೇಂದ್ರ ಎಲ್ಲಿ ಸಿಗುತ್ತದೆ ಅಂತ ಆ ವರ್ಷದ ಪ್ರಾಸ್ಪೆಕ್ಟಸ್ ಓದಿದ ಮೇಲೇ ಫೀಸು ಕಟ್ಟಿ, ಪ್ರಾಕ್ಟಿಕಲ್‌ಗೆ ಅಲ್ಲಿಗೇ ಹೋಗಬೇಕು.

ಕಲಿಸುವ ಕೆಲಸವೂ ಪೂರ್ತಿ ಕೂತು ಮಾಡುವುದಲ್ಲ. ವಿದ್ಯಾರ್ಥಿಗಳ ಜೊತೆ ವಾರ್ಡಲ್ಲಿ ನಿಲ್ಲಬೇಕು. ಎತ್ತುವುದು, ನೈಟ್ ಮಾತ್ರ ಇರುವುದಿಲ್ಲ.

ಒಂದು ಎಚ್ಚರಿಕೆ. ಕೆಲವು ಕಾಲೇಜುಗಳಲ್ಲಿ ಸರ್ಟಿಫಿಕೇಟ್ ಕೊಟ್ಟರೆ ಸಾಕು, ಇನ್‌ಸ್ಪೆಕ್ಷನ್ ದಿನ ಬಂದು ಕೂತರೆ ಸಾಕು ಅನ್ನುತ್ತಾರೆ. ಒಪ್ಪಬೇಡಿ. ಈಗ ಕೌನ್ಸಿಲ್ ಕೊಡುವ ನರ್ಸ್‌ನ ವಿಶಿಷ್ಟ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರುತ್ತದೆ. ಒಂದೇ ಹೊತ್ತಲ್ಲಿ ಕಾಲೇಜಲ್ಲೂ ಆಸ್ಪತ್ರೆಯಲ್ಲೂ ಹೆಸರು ಕಂಡರೆ ಹೋಗುವುದು ನಿಮ್ಮ ನೋಂದಣಿ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಬಿಟ್ಟುಬರಬೇಡಿ, ತೋರಿಸಿ ವಾಪಸ್ ತನ್ನಿ. ನೋಂದಣಿ ನವೀಕರಣ 5 ವರ್ಷಕ್ಕೊಮ್ಮೆ, ಅದಕ್ಕೆ ಬೇಕಾದ ಸಿ.ಎನ್.ಇ. (ನರ್ಸ್‌ಗಳ ಮುಂದುವರಿದ ತರಬೇತಿ) ಗಂಟೆಗಳ ಸರ್ಟಿಫಿಕೇಟ್‌ಗಳನ್ನು ವರ್ಷ ವರ್ಷವೂ ಒಂದೇ ಫೈಲಲ್ಲಿ ಸೇರಿಸಿಡಿ.

ಮನೆ ಆರೈಕೆಯ ಬಗ್ಗೆಯೂ ಕೇಳುವವರಿದ್ದಾರೆ. ಮನೆಯಲ್ಲಿ 12 ಗಂಟೆ ಇದ್ದು ರೋಗಿ ನೋಡುವುದು ವಾರ್ಡಿಗಿಂತ ಭಾರ, ತಿರುಗಿಸಲು ಇನ್ನೊಂದು ಕೈ ಇರುವುದಿಲ್ಲ. ಭೇಟಿ ಲೆಕ್ಕದಲ್ಲಿ ಮಾಡುವುದಾದರೆ ಸರಿ: ಡ್ರೆಸಿಂಗ್, ಕ್ಯಾಥೆಟರ್ ಬದಲಿಸುವುದು, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಕೆ), ಇನ್ಸುಲಿನ್ ಕಲಿಸುವುದು. ಪ್ರತಿಯೊಂದಕ್ಕೂ ಡಾಕ್ಟರ್ ಬರೆದ ಚೀಟಿ ಇರಬೇಕು. ಆ್ಯಂಟಿಬಯೋಟಿಕ್ ಇಂಜೆಕ್ಷನ್‌ನ ಮೊದಲ ಡೋಸ್ ಮನೆಯಲ್ಲಿ ಕೊಡಲೇಬೇಡಿ, ರಿಯಾಕ್ಷನ್ ಆದರೆ ಅಲ್ಲಿ ಏನೂ ಇರುವುದಿಲ್ಲ. ಬಳಸಿದ ಸೂಜಿ ಗಟ್ಟಿ ಡಬ್ಬದಲ್ಲಿ ವಾಪಸ್ ತಂದು ಆಸ್ಪತ್ರೆಯ ಬಿಳಿ ಡಬ್ಬಕ್ಕೆ. ಕ್ಲಿನಿಕ್ ಅಂತ ಬೋರ್ಡ್ ಹಾಕಿ ಔಷಧ ಬರೆದುಕೊಡುವುದು ಕಾನೂನಿಗೆ ವಿರುದ್ಧ.


ಲೆಕ್ಕದ ಪುಸ್ತಕ

ಹಣದ ಪ್ರಶ್ನೆ ಉಳಿದಿದೆ. ಗ್ರಾಚ್ಯುಟಿ: ಕೊನೆಯ ಬೇಸಿಕ್ ಮತ್ತು ಡಿ.ಎ. ಗುಣಿಸು 15, ಭಾಗಿಸು 26, ಗುಣಿಸು ವರ್ಷ. 14,000 ಬೇಸಿಕ್, ಡಿ.ಎ. ಇಲ್ಲ ಅಂದುಕೊಂಡರೆ 12 ವರ್ಷಕ್ಕೆ 96,923 ರೂಪಾಯಿ. 5 ವರ್ಷ ದಾಟಿರುವುದರಿಂದ ತಾನಾಗಿ ರಾಜೀನಾಮೆ ಕೊಟ್ಟರೂ ಇದು ಬರಬೇಕು. ಬಿಟ್ಟ 30 ದಿನದೊಳಗೆ ಲಿಖಿತ ಅರ್ಜಿ ಕೊಡಿ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿ ಹತ್ತಿರ ಹೋಗಬಹುದು.

ಪಿ.ಎಫ್. ತೆಗೆಯಬೇಡಿ. ಪಿಂಚಣಿ ಭಾಗಕ್ಕೆ 10 ವರ್ಷ ಬೇಕು, ಅಕ್ಕನಿಗೆ ಆಗಲೇ ದಾಟಿದೆ. 58ಕ್ಕೆ ಸಿಗುವ ತಿಂಗಳ ಪಿಂಚಣಿ ಅಂದರೆ ಪಿಂಚಣಿ ವೇತನ ಗುಣಿಸು ವರ್ಷ ಭಾಗಿಸು 70. 14,000ಕ್ಕೆ 12 ವರ್ಷದ ಲೆಕ್ಕ 2,400. ಅದೇ ಯು.ಎ.ಎನ್. (ಪಿ.ಎಫ್. ಖಾತೆಯ) ನಂಬರ್ ಹೊಸ ಕೆಲಸದಲ್ಲೂ ಮುಂದುವರಿಸಿದರೆ ಇದೇ ಸಂಬಳಕ್ಕೆ ಪ್ರತಿ ವರ್ಷವೂ 200 ರೂಪಾಯಿ ಕೂಡುತ್ತಾ ಹೋಗುತ್ತದೆ. ಮಧ್ಯದಲ್ಲಿ ಏಜೆನ್ಸಿ ಹೊಸ ನಂಬರ್ ಮಾಡಿಕೊಟ್ಟರೆ ಈ ಕೊಂಡಿ ತಪ್ಪುತ್ತದೆ. ರಾಜೀನಾಮೆಗೆ ಮೊದಲು ಪಾಸ್‌ಬುಕ್ ತೆರೆದು ಕಟ್ಟದೆ ಬಿಟ್ಟ ತಿಂಗಳು ಇವೆಯಾ ನೋಡಿ, ಒಳಗಿದ್ದಾಗ ಕೇಳುವುದು ಸುಲಭ. ಬಿಟ್ಟ ಮೇಲೆ ಆಸ್ಪತ್ರೆಯವರು ಕೊನೆಯ ದಿನಾಂಕವನ್ನು ಪೋರ್ಟಲ್‌ನಲ್ಲಿ ತುಂಬಿದ್ದಾರಾ ಅಂತಲೂ ನೋಡಬೇಕು, ಅದಿಲ್ಲದೆ ವರ್ಗಾವಣೆ ಮುಂದೆ ಹೋಗುವುದಿಲ್ಲ.

ಅನುಭವ ಪತ್ರದಲ್ಲಿ ಬರೀ "12 ವರ್ಷ ಕೆಲಸ ಮಾಡಿದ್ದಾರೆ" ಅಂತ ಬರೆಸಿಕೊಂಡರೆ ಉಪಯೋಗ ಕಡಿಮೆ. ಆಸ್ಪತ್ರೆಯ ಹಾಸಿಗೆ ಸಂಖ್ಯೆ, ಐ.ಸಿ.ಯು. ಹಾಸಿಗೆ ಸಂಖ್ಯೆ, ಯಾವ ವಿಭಾಗದಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಕೌನ್ಸಿಲ್ ನೋಂದಣಿ ಸಂಖ್ಯೆ, ವಹಿಸಿದ ಹೆಚ್ಚಿನ ಹೊಣೆ, ಇವಿಷ್ಟನ್ನೂ ನೀವೇ ಕರಡು ಬರೆದು ಎಚ್.ಆರ್. ಟೇಬಲ್ ಮೇಲಿಡಿ. ಅವರೇ ಬರೆದುಕೊಡಲಿ ಅಂತ ಕಾದರೆ ಎರಡು ಸಾಲಿನ ಪತ್ರವೇ ಕೈಗೆ ಬರುವುದು.


ಸಿರುಗುಪ್ಪ ರಸ್ತೆ

ಎಲ್ಲರಿಗೂ ಶರಣು ರೀ. ಮೊದಲು ಮೂಳೆ ಡಾಕ್ಟರ್ ಚೀಟಿ ಮತ್ತು ಸೂಪರಿಂಟೆಂಡೆಂಟ್‌ಗೆ ಅರ್ಜಿ, ಅದರಲ್ಲೇ ಸೋಂಕು ನಿಯಂತ್ರಣದ ಜಾಗ ಕೇಳುವುದು, ಜೊತೆಗೆ ಪಿ.ಎಫ್. ಪಾಸ್‌ಬುಕ್ ನೋಡುವುದು ಅಂತ ಅಕ್ಕ ತೀರ್ಮಾನ ಮಾಡಿದ್ದಾಳೆ. ಪೋಸ್ಟ್ ಬೇಸಿಕ್ ಸದ್ಯಕ್ಕಿಲ್ಲ. ಜೊತೆಯವರಲ್ಲಿ ಒಬ್ಬರಿಗೆ 37, ಅವರ 371(ಜೆ) ಅರ್ಜಿಗೆ ಶಾಲೆಯ ದಾಖಲೆ ತೆಗೆಸಲು ಈ ವಾರವೇ ಹೋಗುತ್ತಿದ್ದಾರೆ.